ಚಕ್ಕೆ ಸೀಳುವ ಕೈಸಾಧನ

ಒಲೆಗೋ ಅಗ್ಗಿಷ್ಟಿಕೆಗೋ ಬೆಂಕಿ ಹಿಡಿಸಲು ಬೆರಳುಗಾತ್ರದ ಒಣ ಚಕ್ಕೆಗಳು ಬೇಕು. ದಪ್ಪ ಸೌದೆಯನ್ನು ವಿದ್ಯುತ್ತು, ಎಂಜಿನ್ನುಗಳ ನೆರವಿಲ್ಲದೆ ತೋಳ್ಬಲದಿಂದಲೇ ಇಂಥ ಚಕ್ಕೆಗಳಾಗಿ ಸೀಳುವ ಮನೆಬಳಕೆಯ ಉಪಕರಣವಿದು. ಇದರಲ್ಲಿ ಹಲವು ಬಗೆಗಳಿದ್ದರೂ ಹೆಚ್ಚು ಹೆಸರಾಗಿರುವುದು, ಎರಕದ ಕಬ್ಬಿಣದ ಚೌಕಟ್ಟಿನೊಳಗೆ ಅಲಗು ಮೇಲ್ಮುಖವಾಗಿ ನಿಂತಿರುವ ಬಗೆ. ಸೌದೆಯ ತುಂಡನ್ನು ಅಲಗಿನ ಮೇಲೆ ನಿಲ್ಲಿಸಿ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೆ ತುಂಡು ಎರಡಾಗಿ ಆಚೀಚೆ ಬೀಳುತ್ತದೆ. ಕೊಡಲಿಯಲ್ಲಿ ಸೌದೆ ನಿಂತಿರುತ್ತದೆ, ಅಲಗು ಬೀಸಿ ಬರುತ್ತದೆ. ಇಲ್ಲಿ ಅಲಗು ನಿಂತಿರುತ್ತದೆ, ಸೌದೆ ಅದರ ಮೇಲೆ ಇಳಿಯುತ್ತದೆ. ಸಾಧನದ ಸುರಕ್ಷತೆಯೆಲ್ಲ ಈ ಅದಲುಬದಲಿನಲ್ಲಿದೆ.

ನಮ್ಮ ಅಡುಗೆಮನೆಗೆ ಈ ಉಪಾಯ ಹೊಸದೇನಲ್ಲ. ಈಳಿಗೆಮಣೆಯಲ್ಲಿ ಅಲಗು ಮಣೆಗೆ ನೆಟ್ಟಿರುತ್ತದೆ, ತರಕಾರಿ ಅದರ ಕಡೆಗೆ ಹೋಗುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯದೂ ಅದೇ ಕ್ರಮ. ಸೌದೆಯ ಮಟ್ಟಿಗೆ ಮಾತ್ರ ಜಗತ್ತಿನ ಬಹುಪಾಲು ಜನ ಅಲಗನ್ನೇ ಬೀಸುತ್ತ ಬಂದರು.

ಚಕ್ಕೆ ಏಕೆ ಬೇಕು

ದಪ್ಪ ಕೊರಡಿಗೆ ಬೆಂಕಿಕಡ್ಡಿ ಗೀರಿ ಹಿಡಿದರೆ ಕಡ್ಡಿ ಆರುತ್ತದೆಯೇ ಹೊರತು ಕೊರಡು ಹೊತ್ತುವುದಿಲ್ಲ. ಮರ ಕಾದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ತಾಪ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರದ ಪದಾರ್ಥ ಒಡೆದು ಉರಿಯುವ ಅನಿಲಗಳು ಹೊರಡುತ್ತವೆ. 300 ಡಿಗ್ರಿಯ ಆಸುಪಾಸಿನಲ್ಲಿ ಜ್ವಾಲೆ ಎದ್ದು ನಿಲ್ಲುವಷ್ಟು ಅನಿಲ ಸಿಗುತ್ತದೆ. ದಪ್ಪ ತುಂಡಿನಲ್ಲಿ ಮೇಲ್ಮೈಗೆ ತಾಗಿದ ಶಾಖವನ್ನು ಒಳಗಿನ ತಣ್ಣನೆಯ ಮರ ಹೀರಿಕೊಂಡುಬಿಡುತ್ತದೆ. ತೆಳು ಚಕ್ಕೆಗೆ ಹಾಗೆ ಹೀರುವ ಒಡಲೇ ಇಲ್ಲ.

ಲೆಕ್ಕ ಹಾಕಿ ನೋಡಬಹುದು. 16 ಸೆಂ.ಮೀ. ಚೌಕದ, 30 ಸೆಂ.ಮೀ. ಉದ್ದದ ತುಂಡಿನ ನಾಲ್ಕು ಬದಿಗಳ ಒಟ್ಟು ಮೈ 1,920 ಚದರ ಸೆಂ.ಮೀ. ಅದನ್ನೇ 2 ಸೆಂ.ಮೀ. ಚೌಕದ 64 ಚಕ್ಕೆಗಳಾಗಿ ಸೀಳಿದರೆ ಬದಿಗಳ ಮೈ 15,360 ಚದರ ಸೆಂ.ಮೀ. ಆಗುತ್ತದೆ. ಮರ ಅಷ್ಟೇ ಇದ್ದರೂ ಉರಿಗೂ ಗಾಳಿಗೂ ಒಡ್ಡಿಕೊಳ್ಳುವ ಮೈ ಎಂಟು ಪಟ್ಟು ಹೆಚ್ಚು.

ಚಕ್ಕೆ ಕಡಿಮೆಯಾದರೆ ಬೆಂಕಿ ಆರುವುದಷ್ಟೇ ತೊಂದರೆಯಲ್ಲ, ಹೊಗೆಯೂ ಹೆಚ್ಚುತ್ತದೆ. ಒಲೆ ಇನ್ನೂ ತಣ್ಣಗಿರುವ ಮೊದಲ ನಿಮಿಷಗಳಲ್ಲಿ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತವೆ. ಈ ಕಾರಣಕ್ಕೆ ಸ್ವಿಟ್ಜರ್‌ಲೆಂಡ್‌ನಲ್ಲಿ ಕೆಳಗೆ ದಪ್ಪ ಸೌದೆ ಜೋಡಿಸಿ, ಸುಮಾರು 3 ಸೆಂ.ಮೀ. ಚೌಕದ, 20 ಸೆಂ.ಮೀ. ಉದ್ದದ ನಾಲ್ಕು ಒಣ ಚಕ್ಕೆಗಳನ್ನು ಅದರ ಮೇಲೆ ಅಡ್ಡಡ್ಡ ಪೇರಿಸಿ, ಮೇಲಿನಿಂದ ಹೊತ್ತಿಸುವ ಕ್ರಮವನ್ನು ಪ್ರಚಾರ ಮಾಡಿದ್ದಾರೆ. ಉರಿ ಮೇಣದಬತ್ತಿಯ ಹಾಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಸೌದೆಯ ಅನಿಲ ಮೇಲಿನ ಜ್ವಾಲೆಯ ಮೂಲಕವೇ ಹಾದುಹೋಗಬೇಕಾದ್ದರಿಂದ ಬಹುಪಾಲು ಉರಿದುಹೋಗುತ್ತದೆ. ಒಲೆಯ ಬುಡದಲ್ಲಿ ಚಕ್ಕೆ ತುರುಕಿ ಊದುಗೊಳವೆಯಲ್ಲಿ ಊದಿ ಬೆಳೆದವರಿಗೆ ಇದು ತಲೆಕೆಳಗಾದ ವಿದ್ಯೆಯಂತೆ ಕಾಣಬಹುದು. ಆದರೆ ಬಾಗಿಲು ಮುಚ್ಚುವ ಲೋಹದ ಒಲೆಗಳಲ್ಲಿ ಈ ಕ್ರಮ ಚೆನ್ನಾಗಿ ನಡೆಯುತ್ತದೆ.

ಮರ ಸೀಳುವ ಬಗೆ

ಮರದ ಎಳೆಗಳು ಬುಡದಿಂದ ತುದಿಗೆ ಉದ್ದಕ್ಕೆ ಹರಿದಿರುತ್ತವೆ. ಎಳೆಯ ಉದ್ದಕ್ಕೆ ಎಳೆದರೆ ಮರ ತಡೆಯುವ ಬಲ, ಎಳೆಗಳನ್ನು ಒಂದರಿಂದೊಂದು ಬಿಡಿಸಲು ಬೇಕಾಗುವ ಬಲಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಸೌದೆ ಸೀಳುವವನು ಬಳಸಿಕೊಳ್ಳುವುದು ಈ ದೌರ್ಬಲ್ಯವನ್ನೇ. ಬೆಣೆಯಾಕಾರದ ಅಲಗು ಒಂದಿಷ್ಟು ಒಳಹೊಕ್ಕ ಮೇಲೆ ಅದರ ಅಂಚಿಗೆ ಹೆಚ್ಚಿನ ಕೆಲಸವಿರುವುದಿಲ್ಲ. ಅಲಗಿನ ಇಳಿಜಾರು ಕೆನ್ನೆಗಳು ಮರವನ್ನು ಎರಡೂ ಬದಿಗೆ ತಳ್ಳುತ್ತವೆ, ಬಿರುಕು ಅಂಚಿಗಿಂತ ಮುಂದೆ ಮುಂದೆ ಓಡುತ್ತದೆ. ಹಾಗಾಗಿ ಸೀಳುವ ಅಲಗು ಕ್ಷೌರದ ಕತ್ತಿಯಷ್ಟು ಹರಿತವಿರಬೇಕಿಲ್ಲ. ಕಡಿಯುವ ಕೊಡಲಿಯ ಅಲಗು ತೆಳ್ಳಗೂ ಸೀಳುವ ಕೊಡಲಿಯದು ದಪ್ಪಗೂ ಇರುವುದು ಇದರಿಂದಲೇ.

ಮರದಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಚಕ್ರದ ಅರಗಳಂತೆ ಹರಡಿದ ಕಿರಣಗಳೆಂಬ ಕೋಶಪಟ್ಟಿಗಳಿರುತ್ತವೆ. ಆ ದಿಕ್ಕಿನಲ್ಲಿ ಸೀಳು ಸಲೀಸು. ವೈಕಿಂಗ್ ಕಾಲದ ಹಡಗುಗಾರರು ಓಕ್ ದಿಮ್ಮಿಗಳನ್ನು ಬೆಣೆ ಹೊಡೆದು ಇದೇ ದಿಕ್ಕಿನಲ್ಲಿ ಸೀಳಿ ಹಲಗೆ ಮಾಡುತ್ತಿದ್ದರು. ಎಳೆ ಕತ್ತರಿಸಿಹೋಗದ ಕಾರಣ ಅಂಥ ಹಲಗೆ ತೆಳುವಾದರೂ ಗಟ್ಟಿ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸ್ಟಾರ್ ಕಾರ್ ನೆಲೆಯಲ್ಲಿ ಸುಮಾರು 11,000 ವರ್ಷಗಳ ಹಿಂದೆ ಸೀಳಿದ ಮರದ ಹಲಗೆಗಳು ಸಿಕ್ಕಿವೆ. ಕಬ್ಬಿಣ ಬರುವುದಕ್ಕೆ ಬಹಳ ಮೊದಲೇ ಮನುಷ್ಯನಿಗೆ ಎಳೆಯ ಜಾಡು ಗೊತ್ತಿತ್ತು.

ಈ ಜಾಡನ್ನು ಕೆಡಿಸುವುದು ಗಂಟು. ಕೊಂಬೆ ಹೊರಟ ಜಾಗದಲ್ಲಿ ಕಾಂಡದ ಎಳೆಗಳು ಕೊಂಬೆಯ ಬುಡವನ್ನು ಸುತ್ತಿಕೊಂಡು ಹೋಗುತ್ತವೆ; ಓಡಿಬಂದ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಕೆಲವು ಮರಗಳಲ್ಲಿ ಎಳೆಯೇ ಒಂದು ಪದರ ಬಲಕ್ಕೆ ಇನ್ನೊಂದು ಎಡಕ್ಕೆ ತಿರುಚಿ ಹೆಣೆದುಕೊಂಡಿರುತ್ತದೆ. ಹುಣಸೆ ಇಂಥದ್ದು. ಕಟುಕರು ಮಾಂಸ ಕಡಿಯಲು ಹುಣಸೆ ಕೊರಡನ್ನೇ ಆರಿಸುವುದಕ್ಕೆ ಅದು ಏಟಿಗೆ ಸೀಳದಿರುವುದೇ ಕಾರಣ.

ಉಗಮ

ನೆಟ್ಟ ಅಲಗಿನ ಸಾಧನ ಇಂದಿನ ರೂಪದಲ್ಲಿ ಜನಪ್ರಿಯವಾದದ್ದು ನ್ಯೂಜಿಲೆಂಡಿನಿಂದ. ಅಲ್ಲಿನ ಉತ್ತರ ದ್ವೀಪದ ತರನಾಕಿ ಪ್ರಾಂತ್ಯದ ಐಲಾ ಹಚಿನ್‌ಸನ್ ಎಂಬ ಶಾಲಾ ಬಾಲಕಿ, ಚಕ್ಕೆ ಸೀಳುವಾಗ ತಾಯಿ ಕೈಬೆರಳು ಕೊಯ್ದುಕೊಂಡದ್ದನ್ನು ಕಂಡು, 2013ರಲ್ಲಿ ಶಾಲೆಯ ವಿಜ್ಞಾನ ಮೇಳಕ್ಕೆಂದು ಇದನ್ನು ರೂಪಿಸಿದಳು. ಮುಂದೆ ಕಿಂಡ್ಲಿಂಗ್ ಕ್ರ್ಯಾಕರ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದು ಆಸ್ಟ್ರೇಲಿಯ, ಯೂರೋಪು, ಅಮೆರಿಕಗಳ ಅಂಗಡಿಗಳನ್ನು ತಲುಪಿತು. ಈಗ ಅದೇ ಮಾದರಿಯನ್ನು ಅನುಸರಿಸಿದ ಹಲವು ತಯಾರಿಕೆಗಳು ಸಿಗುತ್ತವೆ.

ಇದು ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು ಆಕಸ್ಮಿಕವೆನ್ನಲಾಗದು. ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ ಅಲ್ಲಿನ ಎಷ್ಟೋ ಮನೆಗಳು ಬೆಚ್ಚಗಾಗುವುದು ಸೌದೆಯಿಂದಲೇ. ಕ್ಯಾಲಿಫೋರ್ನಿಯಾ ಮೂಲದ ರೇಡಿಯಾಟಾ ಪೈನ್ ಅಲ್ಲಿನ ನೆಡುತೋಪುಗಳ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಆವರಿಸಿದೆ. ಮೃದುವಾದ, ಬೇಗ ಹೊತ್ತುವ ಅದರ ಮರ ಚಕ್ಕೆಗೆ ಚೆನ್ನ. ಎರಡು ಹೆಕ್ಟೇರಿಗಿಂತ ಚಿಕ್ಕ ಜಾಗಗಳಲ್ಲಿ ಹೊಸದಾಗಿ ಕೂರಿಸುವ ಸೌದೆ ಒಲೆ ಪ್ರತಿ ಕಿಲೋ ಸೌದೆಗೆ 1.5 ಗ್ರಾಮಿಗಿಂತ ಹೆಚ್ಚು ಹೊಗೆಕಣ ಬಿಡಬಾರದೆಂಬ ರಾಷ್ಟ್ರೀಯ ನಿಯಮ 2005ರಿಂದ ಜಾರಿಯಲ್ಲಿದೆ. ಅಂಥ ಒಲೆಯೂ ಒಣ ಸೌದೆ ಹಾಕಿ ಸರಿಯಾಗಿ ಹೊತ್ತಿಸಿದರಷ್ಟೇ ಶುಚಿಯಾಗಿ ಉರಿಯುತ್ತದೆ. ದಿನಾ ಸಂಜೆ ಒಂದು ಮಡಿಲು ಚಕ್ಕೆ ಬೇಕು; ಆ ಕೆಲಸ ಹೆಚ್ಚಾಗಿ ಮನೆಯಲ್ಲಿರುವ ಹೆಂಗಸರು, ಮಕ್ಕಳು, ಮುದುಕರ ಪಾಲಿಗೆ ಬರುತ್ತದೆ.

ಸೌದೆಯ ಬಗ್ಗೆ ಉತ್ತರ ಯೂರೋಪಿಗಿರುವ ಅಕ್ಕರೆಯೂ ಕಡಿಮೆಯದಲ್ಲ. ನಾರ್ವೆಯ ಲಾರ್ಸ್ ಮಿಟ್ಟಿಂಗ್ ಸೌದೆ ಕಡಿದು ಒಣಗಿಸಿ ಪೇರಿಸುವುದರ ಬಗ್ಗೆ 2011ರಲ್ಲಿ ಬರೆದ ಪುಸ್ತಕ ಭಾರಿ ಸಂಖ್ಯೆಯಲ್ಲಿ ಮಾರಾಟವಾಯಿತು. 2013ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ದೂರದರ್ಶನ ಅದರ ಪ್ರೇರಣೆಯಿಂದ ಹನ್ನೆರಡು ಗಂಟೆಗಳ ಸೌದೆ ಕಾರ್ಯಕ್ರಮ ಪ್ರಸಾರ ಮಾಡಿತು. ಅದರ ದೊಡ್ಡ ಭಾಗ ಉರಿಯುವ ಅಗ್ಗಿಷ್ಟಿಕೆಯ ನೇರ ದೃಶ್ಯ. ಸೌದೆ ಪೇರಿಸುವಾಗ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂದು ನೋಡುಗರು ಜಗಳವಾಡಿಕೊಂಡರು.

ರಚನೆ

ಸಾಧನದ ಭಾಗಗಳು ನಾಲ್ಕೇ: ಅಗಲವಾದ ಪಾದ, ಅಡ್ಡಲಾಗಿ ಕೂತ ಬೆಣೆ ಅಲಗು, ಎರಡು ಕಂಬ, ಕಂಬಗಳ ತಲೆಯಲ್ಲಿ ಒಂದು ಬಳೆ. ಚಿಕ್ಕ ಮಾದರಿಯ ತೂಕ ಸುಮಾರು ನಾಲ್ಕೂವರೆ ಕಿಲೋ, ಎತ್ತರ ಸುಮಾರು 30 ಸೆಂ.ಮೀ., ಬಳೆಯ ಒಳ ಅಗಲ 16–17 ಸೆಂ.ಮೀ. ಬಳೆ ಎರಡು ಕೆಲಸ ಮಾಡುತ್ತದೆ. ನಿಲ್ಲಿಸಿದ ತುಂಡು ವಾಲಿದರೆ ಒರಗಲು ಆಸರೆ ಕೊಡುತ್ತದೆ, ಆದ್ದರಿಂದ ಹೊಡೆಯುವ ಗಳಿಗೆಯಲ್ಲಿ ಕೈ ಹಿಡಿದುಕೊಂಡಿರಬೇಕಿಲ್ಲ. ಯಾರಾದರೂ ಎಡವಿ ಅದರ ಮೇಲೆ ಬಿದ್ದರೆ ಅಲಗಿಗೆ ನೇರವಾಗಿ ತಾಗುವುದನ್ನೂ ತಕ್ಕಮಟ್ಟಿಗೆ ತಪ್ಪಿಸುತ್ತದೆ. ಪಾದದಲ್ಲಿರುವ ತೂತುಗಳ ಮೂಲಕ ಕೊರಡಿಗೆ ತಿರುಪು ಹಾಕಿ ಭದ್ರಪಡಿಸಬಹುದು.

ಬೇರೆ ಬಗೆಗಳೂ ಇವೆ. ಸ್ವೀಡನ್‌ನ ಒಂದು ಸಾಧನದಲ್ಲಿ ಕೊರಡಿಗೆ ನೆಟ್ಟ ಸರಳಿನ ಮೇಲೆ ಬೆಣೆಯುಳ್ಳ ಭಾರವನ್ನು ಎರಡೂ ಕೈಗಳಲ್ಲಿ ಎತ್ತಿ ಕೆಳಕ್ಕೆ ಕುಕ್ಕುತ್ತಾರೆ. ಅಲಗು ಇಲ್ಲಿ ಚಲಿಸಿದರೂ ಸರಳು ಬಿಟ್ಟು ಹೋಗಲಾರದು, ಎರಡೂ ಕೈ ಹಿಡಿಕೆಯಲ್ಲೇ ಇರುತ್ತವೆ. ಉದ್ದ ಹಿಡಿಯನ್ನು ಒತ್ತಿ ಅಲಗನ್ನು ಇಳಿಸುವ ಸನ್ನೆಗೋಲಿನ ಬಗೆ ಮೆದುಮರದ ತೆಳು ತುಂಡಿಗಷ್ಟೇ ಸಾಕಾಗುತ್ತದೆ. ಗಂಟು ಸಿಕ್ಕರೆ ಸೋಲುತ್ತದೆ. ಕಾಲಿನಿಂದ ಮೆಟ್ಟುವ ಹೈಡ್ರಾಲಿಕ್ ಯಂತ್ರಗಳಿಗೆ ಬಲ ಹೆಚ್ಚು, ಆದರೆ ಒಂದು ಮಡಿಲು ಚಕ್ಕೆಗೆ ಅವು ಅತಿಯಾಯಿತು.

ಬಳಕೆ ಮತ್ತು ಎಚ್ಚರ

ಕೈಗೊಡಲಿಯಲ್ಲಿ ಚಕ್ಕೆ ಸೀಳುವುದು ದಪ್ಪ ಸೌದೆ ಒಡೆಯುವುದಕ್ಕಿಂತ ಅಪಾಯದ ಕೆಲಸ. ದೊಡ್ಡ ಕೊರಡು ತಾನಾಗಿ ನಿಲ್ಲುತ್ತದೆ. ಸಣ್ಣ ತುಂಡು ನಿಲ್ಲದು, ಎಡಗೈ ಹಿಡಿಯಲೇಬೇಕು. ಬಲಗೈ ಅಲಗು ಬೀಸುವಾಗ ಎಡಗೈ ಅದರ ಗುರಿಯ ಪಕ್ಕದಲ್ಲೇ ಇರುತ್ತದೆ. ತುಂಡು ಸಣ್ಣದಾಗುತ್ತ ಹೋದಂತೆ ಬೆರಳಿಗೂ ಅಲಗಿಗೂ ಇರುವ ದೂರವೂ ಕುಗ್ಗುತ್ತದೆ. ನಮ್ಮಲ್ಲಿ ಮಲಗಿಸಿದ ಸೌದೆಯನ್ನು ಬರಿಗಾಲಿನಲ್ಲಿ ಒತ್ತಿ ಹಿಡಿದು ಕೊಡಲಿ ಹಾಕುವ ರೂಢಿಯಿದೆ. ಅಲ್ಲಿ ಅಪಾಯ ಬೆರಳಿನಿಂದ ಪಾದಕ್ಕೆ ಇಳಿದಿರುತ್ತದೆ, ಅಷ್ಟೆ.

ನೆಟ್ಟ ಅಲಗು ಈ ಒಂದು ಅಪಾಯವನ್ನು ಬಹುಮಟ್ಟಿಗೆ ತೆಗೆದುಹಾಕುತ್ತದೆ. ಎಲ್ಲವನ್ನೂ ಅಲ್ಲ. ಸುತ್ತಿಗೆಗೂ ಬೆರಳು ಜಜ್ಜುವ ಶಕ್ತಿಯಿದೆ, ಸಿಡಿದ ಸಿಬಿರಿಗೆ ಕಣ್ಣು ಯಾರದೆಂಬ ಪರಿವೆಯಿಲ್ಲ. ಹಾಗಾಗಿ ಸಾಧನ ತಂದಾಕ್ಷಣ ಎಚ್ಚರ ಬಿಡುವಂತಿಲ್ಲ.

ಮೊದಲು ನೆಲೆ. ಸಾಧನವನ್ನು ಅಗಲವಾದ, ಅಲುಗಾಡದ ಕೊರಡಿನ ಮೇಲೆ ತಿರುಪು ಬಿಗಿದು ಕೂರಿಸಬೇಕು. ಸಾಧನವೂ ಅದರ ಮೇಲಿನ ತುಂಡೂ ಸೇರಿ ಸೊಂಟಕ್ಕಿಂತ ತುಸು ಮೇಲೆ ಬಂದರೆ ಬೆನ್ನು ಬಗ್ಗದೆ, ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತದೆ ಹೊಡೆಯಬಹುದು. ನುಣುಪಾದ ಸಿಮೆಂಟು ನೆಲದ ಮೇಲೆ ಬಿಡಿಯಾಗಿ ಇಟ್ಟು ಹೊಡೆದರೆ ಅದು ಸರಿಯುತ್ತದೆ.

ತುಂಡಿನ ಉದ್ದ 20ರಿಂದ 30 ಸೆಂ.ಮೀ. ಇದ್ದರೆ ಅನುಕೂಲ. ಎರಡೂ ತುದಿ ಗರಗಸದಲ್ಲಿ ನೇರವಾಗಿ ಕೊಯ್ದಿರಬೇಕು. ಓರೆ ತುದಿ ಅಲಗಿನ ಮೇಲೆ ಜಾರುತ್ತದೆ, ಓರೆ ತಲೆಯ ಮೇಲೆ ಸುತ್ತಿಗೆ ಜಾರುತ್ತದೆ. ಬಳೆಯ ಅಂಚಿಗಿಂತ ಕೆಳಗೇ ಉಳಿಯುವಷ್ಟು ಗಿಡ್ಡ ತುಂಡನ್ನು ಹಾಕಬಾರದು, ಸುತ್ತಿಗೆ ಬಳೆಗೋ ಅಲಗಿಗೋ ಬಡಿಯುತ್ತದೆ. ಗಟ್ಟಿ ಉಕ್ಕಿಗೆ ಗಟ್ಟಿ ಲೋಹ ಬಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಗುಂಡಿನ ವೇಗದಲ್ಲಿ ಹಾರಬಲ್ಲದು. ಲೋಹಕ್ಕೆ ಲೋಹ ಬಡಿಯುವಾಗ ಹಾರಿದ ಚೂರು ಕಣ್ಣುಗುಡ್ಡೆಯೊಳಗೆ ಹೊಕ್ಕ ಪ್ರಕರಣಗಳು ಕಣ್ಣಿನ ವೈದ್ಯರಿಗೆ ಚಿರಪರಿಚಿತ. ಕೊಡಲಿಯನ್ನು ಬೆಣೆಯಂತೆ ಇಟ್ಟು ಅದರ ಹಿಂಭಾಗಕ್ಕೆ ಸಮ್ಮಟಿಗೆಯಿಂದ ಹೊಡೆಯುವ ಅಭ್ಯಾಸವೂ ಇದೇ ಕಾರಣಕ್ಕೆ ಕೆಟ್ಟದ್ದು. ಇಡೀ ಕೆಲಸದಲ್ಲಿ ಬಿಡಲೇಬಾರದ ಒಂದು ರಕ್ಷಣೆ ಯಾವುದೆಂದರೆ ಕಣ್ಣಿನ ಬದಿಗಳನ್ನೂ ಮುಚ್ಚುವ ರಕ್ಷಣಾ ಕನ್ನಡಕ. ಓದುವ ಕನ್ನಡಕ ಅದರ ಬದಲಿಯಾಗದು.

ಹೊಡೆತ ಎರಡು ಹಂತದ್ದು. ತುಂಡನ್ನು ಕೈಯಲ್ಲಿ ನೆಟ್ಟಗೆ ನಿಲ್ಲಿಸಿ ಬಳೆಗೆ ಒರಗಿಸಿ, ಕೈ ಹಿಂತೆಗೆದು, ಮೊದಲು ಮೆಲ್ಲನೆ ಒಂದು ಏಟು. ಅಲಗು ಮರಕ್ಕೆ ಕಚ್ಚಿಕೊಂಡಿತು ಎನಿಸಿದ ಮೇಲೆ ಬಲವಾದ ಏಟು. ಒಂದೂವರೆ ಎರಡು ಕಿಲೋ ತೂಕದ, ಗಿಡ್ಡ ಹಿಡಿಯ ಸುತ್ತಿಗೆ ಸಾಕು. ಮರದ ಕೊಡತಿಯಾದರೂ ಆದೀತು, ಗಟ್ಟಿ ಸೌದೆಗೆ ಮಾತ್ರ ನಿಧಾನ. ದೊಡ್ಡ ಸಮ್ಮಟಿಗೆ ಬೇಡ. ಬಲಕ್ಕಿಂತ ಗುರಿ ಮುಖ್ಯ. ದಪ್ಪ ತುಂಡನ್ನು ಮೊದಲು ನಡುವೆ ಎರಡಾಗಿ ಸೀಳಿ, ಆಮೇಲೆ ಪ್ರತಿ ಅರ್ಧವನ್ನೂ ಮತ್ತೆ ಅರ್ಧ ಮಾಡುತ್ತ ಹೋಗುವುದು ವಾಡಿಕೆ. ನಡುವೆ ಜಗ್ಗದ ತುಂಡಾದರೆ ಅಂಚಿನಿಂದ ಒಂದೊಂದೇ ಚಕ್ಕೆ ಬಿಡಿಸುತ್ತ ಬರುವುದು ಮೇಲು.

ಕೊಡಲಿಯ ರೂಢಿಯಿಂದ ಬಂದವರು ತಪ್ಪುವುದು ಗಂಟಿನ ವಿಷಯದಲ್ಲಿ. ಕೊಡಲಿಯ ಸೀಳು ಮೇಲಿನಿಂದ ಶುರುವಾಗುವುದರಿಂದ ಗಂಟಿರುವ ತುದಿಯನ್ನು ಕೆಳಗೆ ಇಡುವುದು ಕ್ರಮ. ಇಲ್ಲಿ ಬಿರುಕು ಹುಟ್ಟುವುದು ಕೆಳಗಿನಿಂದ. ಆದ್ದರಿಂದ ಶುದ್ಧ ಎಳೆಯ ತುದಿ ಅಲಗಿನ ಮೇಲೆ ಕೂರಬೇಕು, ಗಂಟು ಮೇಲಿರಬೇಕು. ಹೀಗೆ ಮಾಡಿದರೂ ಸೀಳದ ತುಂಡನ್ನು ಹಟ ಹಿಡಿದು ಬಡಿಯುವುದರಲ್ಲಿ ಅರ್ಥವಿಲ್ಲ, ಅದು ರಾತ್ರಿಯಿಡೀ ಉರಿಯುವ ದಪ್ಪ ಸೌದೆಯಾಗಿ ಸಲ್ಲುತ್ತದೆ.

ಅರ್ಧಕ್ಕೆ ಸಿಕ್ಕಿಕೊಂಡ ತುಂಡನ್ನು ಕೆಳಗಿನಿಂದ ಕೈ ಹಾಕಿ ಕೀಳಬಾರದು. ಇನ್ನೊಂದು ಸೌದೆಯನ್ನು ಅದರ ತಲೆಯ ಮೇಲಿಟ್ಟು ಹೊಡೆದು ಕೆಳಗಿಳಿಸಬಹುದು, ಇಲ್ಲವೆ ಬದಿಯಿಂದ ಕೊಡತಿಯಲ್ಲಿ ತಟ್ಟಿ ಸಡಿಲಿಸಬಹುದು. ಬಿದ್ದ ಚಕ್ಕೆಗಳು ಪಾದದ ಸುತ್ತ ರಾಶಿಯಾದರೆ ಆಗಾಗ ಗುಡಿಸಿ ತೆಗೆಯಬೇಕು. ಹಿಡಿಯುವ ಕೈಗೆ ಚರ್ಮದ ಕೈಗವಸು, ಕಾಲಿಗೆ ಬೆರಳು ಮುಚ್ಚುವ ಬೂಟು ಇರಲಿ. ಹವಾಯಿ ಚಪ್ಪಲಿ ಸಾಲದು. ಎರಕದ ಕಬ್ಬಿಣ ಘಣಘಣಿಸುವುದರಿಂದ ಹೆಚ್ಚು ಹೊತ್ತು ಕೆಲಸ ಮಾಡುವವರು ಕಿವಿಯನ್ನೂ ಮುಚ್ಚಿಕೊಳ್ಳುವುದು ಒಳ್ಳೆಯದು. ಒಬ್ಬರು ತುಂಡು ಹಿಡಿದು ಇನ್ನೊಬ್ಬರು ಹೊಡೆಯುವ ಜೋಡಿ ಕೆಲಸವನ್ನು ಪೂರ್ತಿ ಬಿಡಬೇಕು, ಮುಖ್ಯವಾಗಿ ಮಕ್ಕಳೊಡನೆ. ಮಕ್ಕಳು ದೊಡ್ಡವರ ಕಣ್ಣಳತೆಯಲ್ಲಿ, ಹಗುರ ಸುತ್ತಿಗೆಯಲ್ಲಿ, ನಿಲ್ಲಿಸುವುದನ್ನೂ ಹೊಡೆಯುವುದನ್ನೂ ತಾವೇ ಮಾಡಲಿ.

ಸಾಧನ ಇಲ್ಲದವರಿಗೂ ಇದೇ ತತ್ವ ಒದಗುತ್ತದೆ. ಕೈಗೊಡಲಿಯ ಅಲಗನ್ನು ಚಕ್ಕೆಯ ತಲೆಯ ಮೇಲೆ ಮೊದಲೇ ಊರಿ, ಎರಡನ್ನೂ ಕೂಡಿಸಿ ಎತ್ತಿ ಕೊರಡಿಗೆ ಕುಕ್ಕಿದರೆ ಬೀಸುವ ಅಲಗೇ ಇರುವುದಿಲ್ಲ. ಮಚ್ಚನ್ನು ಊರಿ ಅದರ ಬೆನ್ನಿಗೆ ಮರದ ದೊಣ್ಣೆಯಿಂದ ಹೊಡೆಯುವುದೂ ಆಗುತ್ತದೆ.

ಸೌದೆಯ ಆಯ್ಕೆ

ಒಲೆಗೆ ಹಾಕುವ ಸೌದೆಯಲ್ಲಿ ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕೆಂಬುದು ಸಾಮಾನ್ಯ ಅಳತೆ. ಹಲವು ಜಾತಿಯ ದೊಡ್ಡ ಕೊರಡುಗಳು ಹಸಿಯಿರುವಾಗಲೇ ಸುಲಭವಾಗಿ ಸೀಳುತ್ತವೆ. ಚಕ್ಕೆಗೆ ಮಾತ್ರ ಒಣಗಿದ ಮರವೇ ಸರಿ, ಒಣಗಿ ಪೆಡಸಾದಷ್ಟೂ ಬಿರುಕು ನೇರವಾಗಿ ಓಡುತ್ತದೆ. ಪೈನ್, ಸೀಡರ್‌ಗಳಂಥ ಸೂಚಿಪರ್ಣಿ ಮರಗಳು ಉತ್ತಮ. ರಾಳ ತುಂಬಿದ ಪೈನ್ ಸೀಳು ಎಣ್ಣೆ ಹಚ್ಚಿದ ಹಾಗೆ ಉರಿಯುತ್ತದೆ. ಹಿಮಾಲಯದ ಹಳ್ಳಿಗಳಲ್ಲಿ ಚೀರ್ ಪೈನ್‌ನ ಇಂಥ ಸೀಳುಗಳನ್ನು ಪಂಜಾಗಿಯೂ ಬಳಸಿದ್ದಾರೆ.

ಮನೆ ಕಟ್ಟಿ ಉಳಿದ ಮರದ ತುಂಡುಗಳು ಸೀಳಲು ಸುಲಭವೆಂದು ಕೈಗೆ ಸಿಕ್ಕಿದ್ದೆಲ್ಲ ಒಲೆಗೆ ಹಾಕುವುದು ಅಪಾಯ. ಬಣ್ಣ ಬಳಿದದ್ದು, ಪ್ಲೈವುಡ್, ಗೆದ್ದಲು ತಡೆಯಲು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣ ಕುಡಿಸಿದ ಹಸಿರುಛಾಯೆಯ ಮರ, ಇವನ್ನು ಸುಡಬಾರದು. ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ, ಅಂಥ ಬೂದಿ ತೋಟಕ್ಕೂ ಸಲ್ಲದು.

ಕರ್ನಾಟಕದಲ್ಲಿ

ಇಲ್ಲಿ ಈ ಸಾಧನದ ಅಗತ್ಯ ಕಡಿಮೆ, ಏಕೆಂದರೆ ಬೆಂಕಿ ಹೊತ್ತಿಸುವ ಸಾಮಗ್ರಿಯನ್ನು ತೋಟವೇ ಕೊಡುತ್ತದೆ. ಕರಾವಳಿ, ಮಲೆನಾಡುಗಳ ಬಚ್ಚಲು ಒಲೆಗೆ ತೆಂಗಿನ ಗರಿ, ಕೊತ್ತಳಿಗೆ, ಕರಟ, ಸಿಪ್ಪೆ, ಅಡಿಕೆ ಹಾಳೆ, ಸೋಗೆ ಇವೇ ಸಾಕು. ಬಯಲುಸೀಮೆಯಲ್ಲಿ ತೊಗರಿಕಡ್ಡಿ, ಹತ್ತಿಕಡ್ಡಿ, ಪುರಳೆ. ಆದರೂ ಕಿರಿದಾಗಿ ಸೀಳಿದ ಸೌದೆಯ ಬೆಲೆ ಇಲ್ಲಿಯೂ ಗೊತ್ತಿರುವಂಥದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಮೂರು ಪಾತ್ರೆಯ ಹೊಗೆರಹಿತ ಅಸ್ತ್ರ ಒಲೆಗೆ ಸೌದೆ ಚಿಕ್ಕದಾಗಿರಬೇಕಿತ್ತು. ಮೂರು ಕಲ್ಲಿನ ಒಲೆಗೆ ಉದ್ದ ಕೊಂಬೆಯನ್ನೇ ಇಟ್ಟು ಉರಿದಂತೆ ಒಳತಳ್ಳುತ್ತಿದ್ದವರಿಗೆ ಅದು ಹೆಚ್ಚಿನ ಕೆಲಸವಾಗಿ ಕಂಡರೆ ಅಚ್ಚರಿಯಿಲ್ಲ.

ತೋಟಗಳಲ್ಲಿ ಸವರಿದ ಸಿಲ್ವರ್ ಓಕ್ ಹಗುರ ಮರ, ಒಣಗಿದ ಮೇಲೆ ಚಕ್ಕೆಗೆ ಅಡ್ಡಿಯಿಲ್ಲ. ಗಾಳಿಮರದ ಸೌದೆ ಬಲು ಸಾಂದ್ರ, ಉರಿಯಲು ಉತ್ತಮ, ಹೊತ್ತಿಸಲು ನಿಧಾನ. ಹೆಣೆದ ಎಳೆಯ ನೀಲಗಿರಿ ಪೂರ್ತಿ ಒಣಗುವ ಮೊದಲೇ ಸೀಳಿಡುವುದು ಜಾಣತನ. ಹುಣಸೆಯನ್ನು ಅಲಗಿನ ಮೇಲೆ ಇಡುವುದಕ್ಕಿಂತ ಸಾಧನದ ಅಡಿಗೆ ಇಡುವುದು ಲೇಸು. ಬಿದಿರು ತಾನಾಗಿ ಸೀಳಿಕೊಳ್ಳುತ್ತದೆ ಎನ್ನಬೇಕು, ಆದರೆ ಗೆಣ್ಣಿನ ನಡುವೆ ಗಾಳಿ ಸಿಕ್ಕಿಕೊಂಡ ಇಡೀ ತುಂಡು ಬೆಂಕಿಯಲ್ಲಿ ಸಿಡಿಯುತ್ತದೆ, ಸೀಳಿಯೇ ಹಾಕಬೇಕು. ಇಲ್ಲಿನ ಸೌದೆ ರಾಶಿಗೆ ಇನ್ನೊಂದು ಎಚ್ಚರವೂ ಬೇಕು. ತಂಪಾದ ಸಂದುಗಳಲ್ಲಿ ಚೇಳು, ಹಾವು ಸೇರಿಕೊಂಡಿರುತ್ತವೆ; ಬೆಳಕಿದ್ದಾಗಲೇ, ಕೋಲಿನಿಂದ ಕೆದಕಿ ನೋಡಿ, ಆಮೇಲೆ ಕೈ ಹಾಕಬೇಕು.

ಜೋಪಾಸನೆ

ಎರಕದ ಕಬ್ಬಿಣ ಒತ್ತಡ ತಾಳುತ್ತದೆ, ಬಿದ್ದರೆ ಬಿರಿಯುತ್ತದೆ. ಎತ್ತರದಿಂದ ಕಲ್ಲಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಬಿರುಕು ಕಂಡ ಚೌಕಟ್ಟನ್ನು ಮತ್ತೆ ಬಳಸಬಾರದು. ಅಲಗಿನಲ್ಲಿ ಮುಕ್ಕು ಎದ್ದರೆ ಅರದಿಂದ ನಾಲ್ಕು ಸಲ ಉಜ್ಜಿದರೆ ಸಾಕು. ಬಿಡಿ ಬೆಣೆ ಬಳಸುವವರು ಅದರ ತಲೆ ಏಟು ತಿಂದು ಅಣಬೆಯಂತೆ ಹರಡಿಕೊಂಡಿದ್ದರೆ ಆ ಅಂಚನ್ನು ಉಜ್ಜಿ ತೆಗೆಯಬೇಕು, ಸಿಡಿಯುವುದು ಅದೇ. ಮಳೆಗಾಲಕ್ಕೆ ಮುಂಚೆ ಎಣ್ಣೆ ಸವರಿ ಸೂರಿನಡಿ ಇಡಬೇಕು. ಮಕ್ಕಳ ಓಡಾಟವಿರುವ ಮನೆಯಲ್ಲಿ ಅಲಗಿನ ಮೇಲೆ ಒಂದು ಸೌದೆ ತುಂಡನ್ನು ಕಚ್ಚಿಸಿಬಿಡುವುದು ಸುಲಭದ ಮುಚ್ಚಳ.